ಅಸಲು ಯಾವುದು? ಹಳೆಯ ಕಾರಿನ ಕಿಡಿಯ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯೆಂದೊಡನೆ ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಸ್ಮರಣೆ ಬರುವುದು ಸಹಜ. ನಾಸಿಕದ ಕನ್ನಡಿಗರಾದ ನಮಗಂತೂ ಅದಕ್ಕೆ ಇನ್ನೊಂದು ಕಾರಣವುಂಟು. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೇಳಿದ ಗೋದಾವರಿಯು ಹುಟ್ಟುವುದು ಇಲ್ಲಿಂದ ಸುಮಾರು 28 ಕಿಲೋಮೀಟರು ದೂರದ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಆದರೆ ನಾವು ಈಗ ಹೇಳಹೊರಟಿರುವುದು ಅರಸರ ಚರಿತ್ರೆಯಲ್ಲ; ಬೆರಳುದ್ದದ ಒಂದು ವಸ್ತುವಿನ ಮತ್ತು ಅದರ ಬಂಧುಬಳಗದ ಚರಿತ್ರೆ. ಕಾರಿನ ಸ್ಪಾರ್ಕ್ ಪ್ಲಗ್ಗು, ಅದಕ್ಕೆ ವಿದ್ಯುತ್ತನ್ನು ಒದಗಿಸುವ ಕಾಯಿಲ್, ಡಿಸ್ಟ್ರಿಬ್ಯೂಟರ್, ಪಾಯಿಂಟು, ಕಂಡೆನ್ಸರ್ ಇವೇ ನಮ್ಮ ಕಥಾನಾಯಕರು.

ಇಂತಹ ವಿಷಯಕ್ಕೆ ಈ ಸಂಚಿಕೆಯಲ್ಲಿ ಎಡೆಯುಂಟೆ ಎಂದು ವಾಚಕರು ಕೇಳಬಹುದು. ಉಂಟೆಂದೇ ನಮ್ಮ ನಂಬಿಕೆ. ತಂದೆಯ ಕಾಲದ ಫಿಯೆಟ್ಟನ್ನೋ ಅಂಬಾಸಿಡರನ್ನೋ ಮಾರಲು ಮನಸ್ಸಾಗದೆ ಉಳಿಸಿಕೊಂಡಿರುವ ಮನೆಗಳು ನಮ್ಮವರಲ್ಲಿ ಇನ್ನೂ ಇವೆ. ಮಳೆಗಾಲ ಬಂದಿತೆಂದರೆ ಆ ಗಾಡಿಗಳು ಮೊಂಡು ಹಿಡಿಯುತ್ತವೆ. ಶ್ರಾವಣ ಸೋಮವಾರದ ದಿನ ತ್ರ್ಯಂಬಕದ ದಾರಿಯಲ್ಲಿ ಮಂಜೂ ತುಂತುರೂ ಒಟ್ಟಾಗಿ ಮುತ್ತಿದಾಗ ಎಂಜಿನ್ನು ಕೆಮ್ಮಿ ನಿಲ್ಲುವುದು, ಮನೆಮಂದಿಯೆಲ್ಲ ರಸ್ತೆಯ ಬದಿಯಲ್ಲಿ ನೆನೆಯುತ್ತ ನಿಲ್ಲುವುದು, ಇವು ಹಳೆಯ ಕಾರಿನ ಒಡೆಯರಿಗೆಲ್ಲ ತಿಳಿದ ಮಾತು. ಆಗ ಬಿಡಿಭಾಗದ ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಒರಿಜಿನಲ್ ಬೇಕೋ, ಬೇರೆಯದು ಸಾಕೋ?’ ಬೆಲೆಯಲ್ಲಿ ಅಂತರವುಂಟು. ಗುಣದಲ್ಲಿಯೂ ಉಂಟೆಂದು ಹೇಳುತ್ತಾರೆ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕಾದರೆ ‘ಒರಿಜಿನಲ್’ ಎಂಬುದು ಎಲ್ಲಿಂದ ಬಂದಿತೆಂಬುದನ್ನು ಅರಿಯಬೇಕು. ಆ ಚರಿತ್ರೆಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು.

ಮೊದಲು ಕಿಡಿಯ ಕೆಲಸವನ್ನು ಸಂಕ್ಷೇಪವಾಗಿ ಹೇಳುವೆವು. ಬ್ಯಾಟರಿಯಲ್ಲಿರುವುದು 12 ವೋಲ್ಟು ಮಾತ್ರ. ಪ್ಲಗ್ಗಿನ ತುದಿಯಲ್ಲಿರುವ ಸುಮಾರು 0.6 ಮಿಲಿಮೀಟರಿನ ಸಂದನ್ನು, ಸಿಲಿಂಡರಿನೊಳಗೆ ಒತ್ತಿದ ಪೆಟ್ರೋಲು ಮತ್ತು ಗಾಳಿಯ ನಡುವೆ, ಹಾರಿ ದಾಟಬೇಕಾದರೆ ಹತ್ತಾರು ಸಾವಿರ ವೋಲ್ಟು ಬೇಕು. ಈ ಏರಿಕೆಯನ್ನು ಮಾಡುವುದು ಕಾಯಿಲ್. ಪಾಯಿಂಟುಗಳು ಮುಚ್ಚಿದ್ದಾಗ ಕಾಯಿಲಿನ ದಪ್ಪ ಸುರುಳಿಯಲ್ಲಿ ವಿದ್ಯುತ್ತು ಹರಿದು ಅಯಸ್ಕಾಂತಶಕ್ತಿ ತುಂಬುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿ ಆ ಶಕ್ತಿ ಕುಸಿದು, ಸಣ್ಣ ತಂತಿಯ ಸುರುಳಿಯಲ್ಲಿ ಅಧಿಕ ಒತ್ತಡ ಹುಟ್ಟುತ್ತದೆ. ಪಾಯಿಂಟು ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್. ಹುಟ್ಟಿದ ಒತ್ತಡವನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ತಪ್ಪದೆ ಹಾರಬೇಕು. ಇವುಗಳಲ್ಲಿ ಒಂದು ಭಾಗ ಕೆಟ್ಟರೂ ಉಳಿದವು ಎಷ್ಟು ಒಳ್ಳೆಯವಾದರೂ ಪ್ರಯೋಜನವಿಲ್ಲ.

ಇನ್ನು ಚರಿತ್ರೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ 1886ರ ಜನವರಿಯಲ್ಲಿ ಪೇಟೆಂಟ್ ಬೇಡಿದನು. ಅವನನ್ನು ಬಹಳವಾಗಿ ಕಾಡಿದ ತೊಂದರೆಗಳಲ್ಲಿ ಕಿಡಿ ಹೊತ್ತಿಸುವುದೂ ಒಂದು. ಅದೇ 1886ರ ನವೆಂಬರಿನಲ್ಲಿ ರಾಬರ್ಟ್ ಬಾಷ್ ಎಂಬ ತರುಣನು ಸ್ಟುಟ್‌ಗಾರ್ಟ್ ನಗರದಲ್ಲಿ ಸಣ್ಣದೊಂದು ಯಂತ್ರಾಗಾರವನ್ನು ತೆರೆದನು. 1887ರಲ್ಲಿ ಆ ಯಂತ್ರಾಗಾರವು ನಿಂತಲ್ಲೇ ನಡೆಯುವ ಎಂಜಿನ್ನಿಗೆ ಮ್ಯಾಗ್ನೆಟೋ ತಯಾರಿಸಿತು. 1897ರಲ್ಲಿ ಅದನ್ನು ಚಲಿಸುವ ಗಾಡಿಗೆ ಅಳವಡಿಸಿತು. 1902ರಲ್ಲಿ ಅಲ್ಲಿಯ ಗಾಟ್ಲೋಬ್ ಹೋನೊಲ್ಡ್ ಎಂಬ ಎಂಜಿನಿಯರನು ಅಧಿಕ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದನು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತನು 1910ರ ಸುಮಾರಿಗೆ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಪದ್ಧತಿಯನ್ನು ಕ್ಯಾಡಿಲಾಕ್ ಕಾರಿಗೆ ಒದಗಿಸಿದನು. ನಮ್ಮ ಫಿಯೆಟ್ಟು, ಅಂಬಾಸಿಡರುಗಳಲ್ಲಿರುವುದು ಇದೇ ಪದ್ಧತಿ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಕಾರು ಮಾಡಿದವನೊಬ್ಬ, ಕಿಡಿಯನ್ನು ಕೊಟ್ಟವನು ಮತ್ತೊಬ್ಬ. ಮೊದಲಿನಿಂದಲೂ ಹೀಗೆಯೇ. ಇಂಗ್ಲೆಂಡಿನ ಕಾರುಗಳಿಗೆ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್, ಇಟಲಿಯ ಫಿಯೆಟ್ಟಿಗೆ 1919ರಲ್ಲಿ ಸ್ಥಾಪಿತವಾದ ಮ್ಯಾಗ್ನೆಟಿ ಮರೆಲ್ಲಿ ಈ ಭಾಗಗಳನ್ನು ಒದಗಿಸಿದವು. ಕಾರು ತಯಾರಕನು ಹೊರಗಿನ ಕಸುಬುದಾರನ ಮಾಲನ್ನು ಅಳೆದು, ಪರೀಕ್ಷಿಸಿ, ಒಪ್ಪಿ ತನ್ನ ಗಾಡಿಗೆ ಜೋಡಿಸಿದನು. ಆ ಒಪ್ಪಿಗೆಯೇ ಆ ಭಾಗವನ್ನು ‘ಒರಿಜಿನಲ್’ ಮಾಡಿತು.

ಹೆಸರನ್ನು ನೆಚ್ಚಿದರೆ ಸಾಲದೆಂಬುದಕ್ಕೂ ಆ ಕಾಲದಲ್ಲಿಯೇ ಒಂದು ದೃಷ್ಟಾಂತ ದೊರೆಯುತ್ತದೆ. ಆಲ್ಬರ್ಟ್ ಚಾಂಪಿಯನ್ ಎಂಬ ಫ್ರೆಂಚ್ ಸೈಕಲ್ ಪಂದ್ಯಗಾರನು ಅಮೆರಿಕಕ್ಕೆ ಹೋಗಿ ಪ್ಲಗ್ಗಿನ ವ್ಯಾಪಾರ ಹೂಡಿದನು. 1908ರಲ್ಲಿ ಅವನು ಪಾಲುದಾರರಿಂದ ಬೇರೆಯಾದನು. ‘ಚಾಂಪಿಯನ್’ ಎಂಬ ಹೆಸರಿನ ಹಕ್ಕು ಹಳೆಯ ಪಾಲುದಾರರಲ್ಲಿಯೇ ಉಳಿದುದರಿಂದ ಅವನ ಹೊಸ ಮಾಲು ಅವನದೇ ಹೆಸರಿನ ಆದ್ಯಕ್ಷರಗಳಾದ ‘ಎ.ಸಿ.’ ಎಂಬ ಗುರುತಿನಿಂದ ಪ್ರಸಿದ್ಧವಾಯಿತು. ಚಾಂಪಿಯನ್ನನ ಹೆಸರಿನ ಪ್ಲಗ್ಗನ್ನು ಚಾಂಪಿಯನ್ನನು ಮಾಡಲಿಲ್ಲ. ಅವನು ಮಾಡಿದ ಪ್ಲಗ್ಗಿಗೆ ಅವನ ಪೂರ್ಣ ಹೆಸರಿರಲಿಲ್ಲ!

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಪಟ್ಟುಹಿಡಿದು ದುಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅವರು ಯೂರೋಪು, ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ಕಂಡು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಆ ಕನಸಿಗೆ ಕೈಜೋಡಿಸಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ತೆರೆಯುವ ಮಾತೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರದ ಪ್ರೋತ್ಸಾಹ ದೊರೆಯಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಸ್ಥಾಪಿತವಾಗಿ, ಕಾರ್ಖಾನೆ ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡಿತು. ಬೆಂಗಳೂರಿಗೆ ಕಾರು ತಪ್ಪಿಹೋಯಿತು. ಆದರೆ ಕಾರಿನ ಕಿಡಿ ತಪ್ಪಲಿಲ್ಲ.

1951ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪಿತವಾಯಿತು. ಅದರ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ ಎದ್ದಿತು. ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಉಪಕರಣಗಳು ಅಲ್ಲಿ ತಯಾರಾಗತೊಡಗಿದವು. ಜನರ ಬಾಯಲ್ಲಿ ಅದು ‘ಮೈಕೋ’ ಆಯಿತು. 1953ರಲ್ಲಿ ಸುಂಕ ಆಯೋಗದ ವರದಿ ಬಂದಿತು. ಭಾಗಗಳನ್ನು ಹೊರಗಿನಿಂದ ತಂದು ಬರಿದೆ ಜೋಡಿಸಿ ಮಾರುವವರಿಗೆ ಇಲ್ಲಿ ಎಡೆಯಿಲ್ಲ, ಕ್ರಮೇಣ ಇಲ್ಲಿಯೇ ತಯಾರಿಸಬೇಕು ಎಂಬುದು ಅದರ ಸಾರ. ಜನರಲ್ ಮೋಟರ್ಸ್, ಫೋರ್ಡ್ ಸಂಸ್ಥೆಗಳು ಇಲ್ಲಿಯ ಜೋಡಣೆ ಕೆಲಸ ನಿಲ್ಲಿಸಿ ಹಿಂತೆಗೆದವು. ಉಳಿದ ಪ್ರೀಮಿಯರ್, ಹಿಂದುಸ್ತಾನ್ ಮೋಟರ್ಸ್ ಮೊದಲಾದವು ಒಂದೊಂದಾಗಿ ವಿದೇಶೀ ಭಾಗಗಳ ಬದಲು ಸ್ವದೇಶೀ ಭಾಗಗಳನ್ನು ಬಳಸಬೇಕಾಯಿತು. ಪ್ರೀಮಿಯರ್ ಸಂಸ್ಥೆ 1954ರಿಂದ ಫಿಯೆಟ್ 1100 ಕಾರನ್ನು ಕುರ್ಲಾದಿಂದ ಹೊರಡಿಸಿತು. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲ್ಯೂಕಾಸ್-ಟಿ.ವಿ.ಎಸ್. ಸಂಸ್ಥೆ ಹುಟ್ಟಿತು, ಕಾಯಿಲ್, ಡಿಸ್ಟ್ರಿಬ್ಯೂಟರುಗಳೂ ಇಲ್ಲಿಯವೇ ಆದವು.

ಈ ಬದಲಾವಣೆಯ ಅರ್ಥವನ್ನು ತೂಗಿನೋಡಬೇಕು. ಇಟಲಿಯಲ್ಲಿ ಹುಟ್ಟಿದ ಫಿಯೆಟ್ಟಿಗೂ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಿಡರಿಗೂ ಬೆಂಗಳೂರಿನ ಪ್ಲಗ್ಗು ಹುಟ್ಟಿನ ಭಾಗವಾಗಿರಲಿಲ್ಲ. ಮಾತಿನ ಕಟ್ಟುನಿಟ್ಟಿಗೆ ನೋಡಿದರೆ ಅದು ‘ಬೇರೆಯದು’. ಆದರೂ ಅಳತೆಯಲ್ಲಿ ಸರಿಬಂದು, ಕೆಲಸದಲ್ಲಿ ನಿಂತು, ಕೆಲವೇ ವರ್ಷಗಳಲ್ಲಿ ಅದೇ ಒರಿಜಿನಲ್ ಆಯಿತು. ಇಂದು ಹಳೆಯ ಕಾರಿನ ಪ್ರೇಮಿಗಳು ಅಂಗಡಿ ಅಂಗಡಿ ಅಲೆದು ‘ಹಳೆಯ ಮೈಕೋ ಪ್ಲಗ್ಗು ಇದೆಯೇ’ ಎಂದು ಕೇಳುವುದುಂಟು. ನಮ್ಮ ನಾಸಿಕದಲ್ಲಿಯೂ ಈ ಸಂಸ್ಥೆ ಮುಂದೆ ಕಾರ್ಖಾನೆ ತೆರೆದು ಡೀಸೆಲ್ ಎಂಜಿನ್ನಿನ ಭಾಗಗಳನ್ನು ತಯಾರಿಸಿತು. ಊರಿನಲ್ಲಿ ‘ಮೈಕೋ ಸರ್ಕಲ್’ ಎಂಬ ಹೆಸರು ಉಳಿದಿದೆ. ಬೆಂಗಳೂರಿನಲ್ಲಿ ‘ಮೈಕೋ ಲೇಔಟ್’ ಇರುವಂತೆಯೇ. 2008ರಲ್ಲಿ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆಡುಗೋಡಿಯ ಹಳೆಯ ಆವರಣವು ತಂತ್ರಜ್ಞಾನದ ಕೇಂದ್ರವಾಗಿ ಮಾರ್ಪಟ್ಟು 2022ರ ಜೂನ್ 30ರಂದು ಉದ್ಘಾಟನೆಗೊಂಡಿತು. ಅದಕ್ಕಿಟ್ಟ ಹೆಸರಿನಲ್ಲಿಯೂ ‘ಸ್ಪಾರ್ಕ್’ ಎಂಬ ಶಬ್ದವಿದೆ.

ಇಷ್ಟು ಚರಿತ್ರೆಯ ಬೆಳಕಿನಲ್ಲಿ ಅಂಗಡಿಯ ಪ್ರಶ್ನೆಗೆ ಮರಳೋಣ. ಅಂಗಡಿಯಲ್ಲಿ ದೊರೆಯುವ ಭಾಗಗಳು ಎರಡು ಬಗೆಯವಲ್ಲ, ನಾಲ್ಕು ಬಗೆಯವು. ಮೊದಲನೆಯದು, ಕಾರು ತಯಾರಕನ ಪೆಟ್ಟಿಗೆಯಲ್ಲಿ ಬರುವುದು. ಎರಡನೆಯದು, ಕಾರು ತಯಾರಕನಿಗೆ ಒದಗಿಸುತ್ತಿದ್ದ ಸಂಸ್ಥೆಯೇ ತನ್ನ ಸ್ವಂತ ಪೆಟ್ಟಿಗೆಯಲ್ಲಿ ಮಾರುವುದು. ವಸ್ತು ಒಂದೇ ಆದರೂ ಪೆಟ್ಟಿಗೆ ಬೇರೆ, ಸಾಮಾನ್ಯವಾಗಿ ಬೆಲೆ ಕಡಿಮೆ. ಮೂರನೆಯದು, ಬೇರೊಬ್ಬ ತಯಾರಕನು ತನ್ನದೇ ಹೆಸರಿನಲ್ಲಿ, ತನ್ನದೇ ಜವಾಬ್ದಾರಿಯಲ್ಲಿ ಮಾರುವ ಬದಲಿ ಭಾಗ. ನಾಲ್ಕನೆಯದು, ಇನ್ನೊಬ್ಬರ ಹೆಸರನ್ನು ಕದ್ದು ಮುದ್ರಿಸಿದ ಕಳ್ಳಮಾಲು. ಇದು 1999ರ ವ್ಯಾಪಾರಚಿಹ್ನೆಗಳ ಕಾಯಿದೆಯ ಪ್ರಕಾರ ಅಪರಾಧ. ಅನೇಕರು ಮೂರನೆಯದನ್ನೂ ನಾಲ್ಕನೆಯದನ್ನೂ ಒಂದೇ ಎಂದು ತಿಳಿಯುತ್ತಾರೆ. ಇದು ಅನ್ಯಾಯ. ಮೂರನೆಯವನು ತನ್ನ ಹೆಸರನ್ನು ಹೇಳಿಕೊಂಡು ನಿಂತಿದ್ದಾನೆ, ನಾಲ್ಕನೆಯವನು ಅಡಗಿದ್ದಾನೆ.

ಎರಡನೆಯ ಬಗೆಯ ಮಾಲು ಪೇಟೆಯಲ್ಲಿ ಸರಾಗವಾಗಿ ಸಿಗದಿದ್ದುದಕ್ಕೆ ಕಾರಣವೂ ದಾಖಲಾಗಿದೆ. ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರ ಮೇಲೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು ಒದಗಿಸುವ ಸಂಸ್ಥೆಗಳು ಅವನ್ನು ನೇರವಾಗಿ ಪೇಟೆಯಲ್ಲಿ ಮಾರದಂತೆ ಕಟ್ಟುಪಾಡು ಹಾಕಿದುದು ಆಯೋಗವು ಕಂಡ ತಪ್ಪುಗಳಲ್ಲಿ ಒಂದು. ಮೇಲ್ಮನವಿಯಲ್ಲಿ ದಂಡದ ಮೊತ್ತ ಇಳಿಯಿತಾದರೂ, ಗಿರಾಕಿಗೆ ಆಯ್ಕೆಯ ಹಕ್ಕುಂಟೆಂಬ ಮಾತು ಆ ಪ್ರಕರಣದಿಂದ ಬಹಿರಂಗವಾಗಿ ಚರ್ಚೆಗೆ ಬಂದಿತು.

ನಮ್ಮ ಹಳೆಯ ಕಾರುಗಳ ವಿಷಯದಲ್ಲಂತೂ ಮೊದಲನೆಯ ಬಗೆ ಬಹುಮಟ್ಟಿಗೆ ಮುಗಿದುಹೋಗಿದೆ. 1974ರಲ್ಲಿ ‘ಪದ್ಮಿನಿ’ ಎಂದು ಹೆಸರಾದ ಫಿಯೆಟ್ಟಿನ ತಯಾರಿಕೆ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕೊನೆಯದರ 20 ವರ್ಷಗಳ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಟ್ಯಾಕ್ಸಿಗಳಿದ್ದಷ್ಟು ದಿನ ಬಿಡಿಭಾಗಗಳಿಗೆ ದೊಡ್ಡ ಗಿರಾಕಿ ಇದ್ದಿತು. ಈಗ ಉಳಿದವರು ನಮ್ಮಂತಹ ಮನೆಯವರು ಮಾತ್ರ. ಆದುದರಿಂದ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಅಗತ್ಯ.

ಪ್ಲಗ್ಗಿನಲ್ಲಿ ಹೆಸರಿಗಿಂತ ಮುಖ್ಯವಾದುದು ಮೂರು: ಮರೆಯ ಅಳತೆ, ಮರೆಯ ಉದ್ದ, ಉಷ್ಣತೆಯ ದರ್ಜೆ. ಉದ್ದ ಹೆಚ್ಚಾದರೆ ಪಿಸ್ಟನ್ನಿಗೆ ತಾಕೀತು. ದರ್ಜೆಯ ಅಂಕೆಗಳಲ್ಲಿ ಒಂದು ಬಲೆಯಿದೆ. ಎನ್.ಜಿ.ಕೆ. ಪ್ಲಗ್ಗಿನಲ್ಲಿ ಅಂಕೆ ಹೆಚ್ಚಿದಷ್ಟೂ ಪ್ಲಗ್ಗು ‘ತಣ್ಣನೆಯದು’. ಚಾಂಪಿಯನ್ನಿನಲ್ಲಿ ಹೆಚ್ಚಿದಷ್ಟೂ ‘ಬಿಸಿಯದು’. ಬಾಷ್ ಸಂಸ್ಥೆಯದಂತೂ ಹಳೆಯ ಕ್ರಮದಲ್ಲಿ 145, 175, 225 ಎಂದು ಏರಿದಂತೆ ತಣ್ಣನೆಯದಾಗುತ್ತಿತ್ತು. ಹೊಸ ಕ್ರಮದಲ್ಲಿ ತಿರುಗುಮುರುಗಾಗಿ, ಹಳೆಯ 175ಕ್ಕೆ ಸಮನಾದುದು 7, ಹಳೆಯ 145ಕ್ಕೆ ಸಮನಾದುದು 8. ಒಂದೇ ಹೆಸರಿನ ಎರಡು ಕಾಲದ ಪೆಟ್ಟಿಗೆಗಳೇ ಪರಸ್ಪರ ವಿರುದ್ಧವಾಗಿ ಮಾತನಾಡುತ್ತವೆ. ತಾಳೆಪಟ್ಟಿ ನೋಡಿ ಕೊಂಡರೆ ಹೆಸರಾಂತ ಯಾವ ತಯಾರಕನ ಪ್ಲಗ್ಗೂ ಸರಿಯೇ.

ಕಂಡೆನ್ಸರಿನಲ್ಲಿ ‘ಹಳೆಯದೇ ಒಳ್ಳೆಯದು’ ಎಂಬ ಮಾತು ನಿಲ್ಲದು. ಮೂವತ್ತು ನಲವತ್ತು ವರ್ಷ ಅಂಗಡಿಯ ಅಟ್ಟದಲ್ಲಿದ್ದ ಅಸಲು ಕಂಡೆನ್ಸರಿನೊಳಗಿನ ಕಾಗದದ ಹೊದಿಕೆ ತೇವ ಹೀರಿ ಕೆಟ್ಟಿರಬಹುದು. ಬಳಸದೆ ಇದ್ದುದೇ ಅದಕ್ಕೆ ಮುಪ್ಪು. ಇತ್ತ ಅಗ್ಗದ ಹೊಸ ಕಂಡೆನ್ಸರುಗಳು ಎಂಜಿನ್ನು ಕಾದೊಡನೆ ಕೈಕೊಡುವುದೂ ಹಳೆಯ ಕಾರಿನವರಿಗೆ ಗೊತ್ತಿರುವ ಸಂಗತಿ. ಅಳತೆಯ ಉಪಕರಣದಲ್ಲಿ ಸುಮಾರು 0.2 ಮೈಕ್ರೋಫ್ಯಾರಡ್ ತೋರಿಸಬೇಕು. ಪರೀಕ್ಷಿಸಿ ಕೊಂಡು, ಇನ್ನೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದು ಲೇಸು.

ಪಾಯಿಂಟಿನಲ್ಲಿ ನೋಡಬೇಕಾದುದು ಲೋಹದ ಹೊಳಪಲ್ಲ, ಹಿಮ್ಮಡಿ. ಡಿಸ್ಟ್ರಿಬ್ಯೂಟರಿನ ದಂಡಕ್ಕೆ ಉಜ್ಜುವ ಆ ಹಿಮ್ಮಡಿ ಕಳಪೆಯಾಗಿದ್ದರೆ ಬೇಗ ಸವೆಯುತ್ತದೆ. ಸವೆದರೆ ಸಂದು ಕಿರಿದಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಮುಂಬಯಿಯಿಂದ ಬರುವಾಗ ಕಸಾರಾ ಘಾಟಿಯಲ್ಲಿ ಗಾಡಿ ಏದುಸಿರು ಬಿಟ್ಟು ಕಾಯುವುದಕ್ಕೆ ಇದೂ ಒಂದು ಕಾರಣ. ಲ್ಯೂಕಾಸ್ ಪದ್ಧತಿಯಲ್ಲಿ ಸಂದು 0.35ರಿಂದ 0.40 ಮಿಲಿಮೀಟರು. ಹೊಸದನ್ನು ಹಾಕಿದ ಕೆಲವು ನೂರು ಕಿಲೋಮೀಟರುಗಳ ತರುವಾಯ ಮತ್ತೊಮ್ಮೆ ಅಳೆದರೆ ಮಾಲಿನ ಯೋಗ್ಯತೆ ಬಯಲಾಗುತ್ತದೆ.

ರೋಟರ್ ಮತ್ತು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಇವೆರಡರಲ್ಲಿ ಮಾತ್ರ ನಾವು ಜಿಪುಣತನವನ್ನು ಒಪ್ಪುವುದಿಲ್ಲ. ಸಾವಿರಾರು ವೋಲ್ಟನ್ನು ಹಿಡಿದಿಡುವುದು ಇವುಗಳ ಮೈಯೇ. ಮೈಯಲ್ಲಿ ಕೂದಲೆಳೆಯ ಬಿರುಕಿದ್ದರೂ, ರೋಟರಿನ ರಿವೆಟ್ಟು ಆಳವಾಗಿ ಇಳಿದಿದ್ದರೂ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ದಂಡಕ್ಕೆ ಸೋರುತ್ತದೆ. ಬೇಸಗೆಯಲ್ಲಿ ಈ ದೋಷ ಕಾಣಿಸದಿದ್ದರೂ ತ್ರ್ಯಂಬಕದ ಮಳೆಯಲ್ಲಿ ಕಾಣಿಸುತ್ತದೆ. ತೇವದ ಪದರವೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಇಲ್ಲಿ ಒದಗಿಸುತ್ತಿದ್ದ ಸಂಸ್ಥೆಯದೇ ಮಾಲು ಸಿಕ್ಕರೆ ಹೆಚ್ಚು ಬೆಲೆ ಕೊಟ್ಟಾದರೂ ಕೊಳ್ಳಬೇಕು.

ಕಾಯಿಲಿನಲ್ಲಿ ಲೆಕ್ಕ ಸರಳ. ಪ್ರತ್ಯೇಕ ಪ್ರತಿರೋಧವಿಲ್ಲದ ಗಾಡಿಗೆ ಸುಮಾರು 3 ಓಮಿನ ಕಾಯಿಲ್ ಬೇಕು. ಆಗ 12 ವೋಲ್ಟಿನಲ್ಲಿ 4 ಆಂಪಿಯರು ಹರಿಯುತ್ತದೆ. ತಿಳಿಯದೆ 1.5 ಓಮಿನದನ್ನು ಹಾಕಿದರೆ 8 ಆಂಪಿಯರು ಹರಿದು ಪಾಯಿಂಟುಗಳು ಸುಟ್ಟುಹೋಗುತ್ತವೆ. ಇಲ್ಲಿ ದೋಷ ಬದಲಿ ತಯಾರಕನದಲ್ಲ, ಆಯ್ಕೆಯದು. ಪಾಯಿಂಟುಗಳನ್ನೇ ತೆಗೆದು ಎಲೆಕ್ಟ್ರಾನಿಕ್ ಸಾಧನ ಕೂರಿಸುವವರೂ ಇದ್ದಾರೆ. ಅದರಲ್ಲಿ ಸವೆತವಿಲ್ಲ, ಸಂದು ಹೊಂದಿಸುವ ಕೆಲಸವಿಲ್ಲ. ಆದರೆ ಬ್ಯಾಟರಿಯ ಯಾವ ಧ್ರುವ ಗಾಡಿಯ ಮೈಗೆ ಸೇರಿದೆಯೆಂದು ನೋಡಿಯೇ ಕೊಳ್ಳಬೇಕು. ಹಳೆಯ ಬ್ರಿಟಿಷ್ ಕ್ರಮದ ಗಾಡಿಗಳಲ್ಲಿ ಇದು ತಿರುಗುಮುರುಗಾಗಿರುವುದುಂಟು. ಅಲ್ಲದೆ ಅದು ಕೆಟ್ಟರೆ ದಾರಿಯಲ್ಲಿ ರಿಪೇರಿ ಇಲ್ಲ. ತೆಗೆದ ಪಾಯಿಂಟು, ಕಂಡೆನ್ಸರುಗಳನ್ನು ಡಿಕ್ಕಿಯಲ್ಲಿ ಜೋಪಾನವಾಗಿಟ್ಟವನೇ ಜಾಣ.

ಕಾನೂನು ಏನು ಹೇಳುತ್ತದೆಂದು ಕೇಳುವವರಿಗೂ ಒಂದು ಮಾತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳ ನಿಯಮವನ್ನು ಪ್ರಕಟಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗದ ಸ್ವಂತ ಬಳಕೆಯ ವಾಹನಗಳಿಗೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ. ಪದ್ಮಿನಿಯೆಂಬ ಹೆಸರು ಹೊತ್ತ ಮೊದಲ ಗಾಡಿಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಸವೆದ ಪ್ಲಗ್ಗು, ಪಾಯಿಂಟುಗಳನ್ನು ಬದಲಿಸಿದರೆ ಮೂಲರೂಪ ಕೆಡುತ್ತದೆಂದು ನಮಗೆ ತೋರುವುದಿಲ್ಲ. ಅವು ಸವೆಯಲೆಂದೇ ಮಾಡಿದವು. ಆದರೂ ಡಿಸ್ಟ್ರಿಬ್ಯೂಟರನ್ನೇ ಬದಲಿಸುವವರು ಹಳೆಯದನ್ನು ಗುಜರಿಗೆ ಹಾಕದಿರುವುದು ಒಳ್ಳೆಯದು.

‘ಅಸಲು’ ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥ. ಒಂದು, ನಿಜವಾದುದು. ಇನ್ನೊಂದು, ಬ್ಯಾಂಕಿನ ಕೆಲಸದವರಾದ ನಾವು ದಿನವೂ ಬರೆಯುವ ಅಸಲು, ಎಂದರೆ ಮೂಲಧನ. ಹಳೆಯ ಕಾರಿನ ಮೂಲಧನ ಪೆಟ್ಟಿಗೆಯ ಮೇಲಿನ ಹೆಸರಲ್ಲ. ಯಾವ ಭಾಗಕ್ಕೆ ಯಾವ ಅಳತೆ, ಯಾವ ಕಾಯಿಲಿಗೆ ಎಷ್ಟು ಓಮು, ಎಷ್ಟು ಸಂದು ಎಂಬ ತಿಳಿವಳಿಕೆ. ಆ ತಿಳಿವಳಿಕೆ ಈಗ ಇರುವುದು ಕೆಲವೇ ಮಂದಿ ವೃದ್ಧ ಮೆಕ್ಯಾನಿಕರಲ್ಲಿ, ಮೈಕೋ ಮೊದಲಾದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಲ್ಲಿ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಅವರು ಬಾಯಲ್ಲಿ ಹೇಳುವುದನ್ನು ಕೇಳಿ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಸಂಘದ ತರುಣರು ಕೈಗೊಂಡರೆ ಮುಂದಿನವರಿಗೆ ಉಪಕಾರವಾದೀತು. ಒಂದು ನೋಟ್‌ಪುಸ್ತಕ, ಗಾಡಿಯ ಹೆಸರು, ಭಾಗದ ಸಂಖ್ಯೆ, ಅಳತೆ, ಹಾಕಿದ ದಿನಾಂಕ, ಎಷ್ಟು ಕಿಲೋಮೀಟರು ಬಾಳಿತು, ಇಷ್ಟಿದ್ದರೆ ಸಾಕು. ಮುಂದಿನ ಮಳೆಗಾಲಕ್ಕೆ ಮೊದಲೇ ಅದನ್ನು ಆರಂಭಿಸಬಹುದೆಂದು ವಾಚಕರಲ್ಲಿ ನಮ್ಮ ವಿನಂತಿ.